ಎರಡು ಮೊಳ ನಾಳೆ

"ನಾಳೆ ಎಷ್ಟು ಸೇರಿಸ್ಲಿ?" ಎಂದು ಹಗ್ಗದಂಗಡಿಯವರು ಕೇಳಿದರು.

ಅಕ್ಕ ಅವರ ಮುಖ ನೋಡದೆ, "ಈ ಸಲ ನಾಳೆ ಬೇಡ" ಅಂದಳು.

ಹೊರಗಿನವರಿಗೆ ಅರ್ಥವಾಗುವ ಮಾತಲ್ಲ ಇದು. ನಮ್ಮ ಹಾಯಿದೋಣಿಗೆ ಹಗ್ಗ ಕೊಳ್ಳುವಾಗ ಅಳತೆಗಿಂತ ಎರಡು ಮೊಳ ಹೆಚ್ಚು ತರುವುದು ಚಿಕ್ಕಪ್ಪನ ಕಾಲದಿಂದ ನಡೆದುಬಂದದ್ದು. ಹಾಯಿಯನ್ನು ಮೇಲಕ್ಕೆ ಏರಿಸುವ ಹಗ್ಗ ಕೂವೆಕಂಬದ ತುದಿಯಲ್ಲಿರುವ ರಾಟೆಯ ಮೇಲೆ ಹಾದು, ಕಂಬದ ಪೊಳ್ಳಿನೊಳಗೆ ಇಳಿದು, ಬುಡದಲ್ಲಿ ಹೊರಗೆ ಬರುತ್ತದೆ. ಹಾಯಿ ಪೂರ್ತಿ ಏರಿ ನಿಂತಾಗ ಹಗ್ಗದ ಒಂದೇ ಜಾಗ ಆ ರಾಟೆಯ ಮೇಲೆ ಕೂತು, ಗಾಳಿ ಇರುವಷ್ಟು ಹೊತ್ತೂ ಉಜ್ಜಿಸಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಹಾಯಿಯ ಕಡೆಯ ತುದಿಯಲ್ಲಿ ಒಂದು ಗೇಣು ಕತ್ತರಿಸಿ ಹೊಸದಾಗಿ ಕುಣಿಕೆ ಹೆಣೆದರೆ ಸವೆದ ಜಾಗ ಪಕ್ಕಕ್ಕೆ ಸರಿದು, ಗಟ್ಟಿ ಜಾಗ ರಾಟೆಯ ಮೇಲೆ ಬಂದು ಕೂರುತ್ತದೆ. ಹೀಗೆ ಕತ್ತರಿಸಲಿಕ್ಕೆಂದೇ ಇಟ್ಟುಕೊಳ್ಳುವ ಹೆಚ್ಚುವರಿಗೆ ಚಿಕ್ಕಪ್ಪ 'ನಾಳೆ' ಅನ್ನುತ್ತಿದ್ದರು. ಎರಡು ಮೊಳ ನಾಳೆ ಅಂದರೆ ನಾಲ್ಕು ಗೇಣು, ಅಂದರೆ ನಾಲ್ಕು ವರ್ಷ.

ಅಂಗಡಿಯವರಿಗೂ ಆ ಮಾತು ರೂಢಿಯಾಗಿತ್ತು. ದೋಣಿಯವರೆಲ್ಲ ಅವರನ್ನು ಕರೆಯುವುದು ಮೊಳದಣ್ಣ ಎಂದು. ಮೇಜಿನ ಅಂಚಿಗೆ ಹಿತ್ತಾಳೆಯ ಅಳತೆಪಟ್ಟಿ ಹೊಡೆದಿದ್ದರೂ ಅವರು ಮೊಣಕೈಯಿಂದ ಬೆರಳ ತುದಿಗೆ ಹಿಡಿದೇ ಅಳೆಯುವವರು. ಕೈಯೋ, ಗಿಡ್ಡ. ಪಟ್ಟಿ ಸುಳ್ಳು ಹೇಳಬಹುದು, ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು ಅವರು ಅಂದರೆ, ಸುಳ್ಳು ಹೇಳುವುದಿಲ್ಲ, ಕಮ್ಮಿ ಹೇಳುತ್ತದೆ ಎಂದು ಚಿಕ್ಕಪ್ಪ ಛೇಡಿಸುತ್ತಿದ್ದರು. ಚಿಕ್ಕಪ್ಪ ಹೋದಮೇಲೂ ಆ ಅಂಗಡಿಗೆ ಕಾಲಿಟ್ಟರೆ ನಮಗೆ ಆ ಮಾತು ಕೇಳಿಸಿದ ಹಾಗೇ ಆಗುತ್ತಿತ್ತು.

ಅವತ್ತು ಮೊಳದಣ್ಣ ಎರಡು ತುಂಡುಗಳನ್ನು ಮೇಜಿನ ಮೇಲಿಟ್ಟಿದ್ದರು. ಒಂದು ಬಿಳಿ, ನಡುನಡುವೆ ನೀಲಿ ಎಳೆ, ಕಣ್ಣಿಗೆ ಹಬ್ಬ. ಎಳೆದರೆ ಸ್ವಲ್ಪ ಹಿಗ್ಗುತ್ತದೆ. ಇನ್ನೊಂದು ಬೂದು ಬಣ್ಣದ್ದು, ನೋಡಲಿಕ್ಕೆ ಹಳೆಯ ಬೂಟಿನ ದಾರದ ಹಾಗೆ. ಹೊರಗಿನ ಹೆಣಿಗೆಯೊಳಗೆ ಇನ್ನೊಂದು ಹೆಣಿಗೆ ಇದ್ದು, ಎಷ್ಟು ಎಳೆದರೂ ಹಿಗ್ಗುವುದಿಲ್ಲ. ಹಿಗ್ಗುವ ಹಗ್ಗ ಕಟ್ಟಿದರೆ ಜೋರು ಗಾಳಿಯಲ್ಲಿ ಹಾಯಿ ಜೋಲುತ್ತದೆ, ಗಂಟೆಗೊಮ್ಮೆ ಎದ್ದು ಬಿಗಿಯಬೇಕು. ಕೊಲ್ಲಿಯೊಳಗೆ ಭಾನುವಾರ ಸುತ್ತಾಡುವವರಿಗೆ ಅದೇನೂ ಕಷ್ಟವಲ್ಲ. ನಾವು ಹೋಗಬೇಕಾದದ್ದು ದೂರ. ಗಾಳಿ ದಿಕ್ಕು ಬದಲಿಸಿದ ಮೇಲೆ ಹೊರಡುವುದು, ಒಂದು ವರ್ಷ ದಡದಿಂದ ದಡಕ್ಕೆ, ದ್ವೀಪದಿಂದ ದ್ವೀಪಕ್ಕೆ ಸುತ್ತುವುದು ಎಂದು ಅಕ್ಕನೂ ನಾನೂ ಗೊತ್ತುಮಾಡಿಕೊಂಡಿದ್ದೆವು. ಅದಕ್ಕಾಗಿ ನಾನು ಕೆಲಸ ಬಿಟ್ಟಿದ್ದೆ.

ನಾನು ಬೂದು ಬಣ್ಣದ್ದನ್ನು ಎತ್ತಿಕೊಂಡೆ. ಅಕ್ಕ ಬಿಳಿಯ ಕಡೆ ಬೆರಳು ತೋರಿಸಿದಳು. ಬರೀ ಬೆರಳು. ನನ್ನ ಅಕ್ಕ ಹಗ್ಗವನ್ನು ಮುಟ್ಟದೆ ಕೊಂಡವಳಲ್ಲ. ತುಂಡನ್ನು ಬಿಗಿಯಾಗಿ ಮಡಿಸಿ ಮಡಿಕೆಯ ಮೇಲೆ ಹೆಬ್ಬೆರಳೊತ್ತುವುದು, ಹೆಣಿಗೆ ಬಿಡಿಸಿ ಒಳಗೆ ಇಣುಕುವುದು, ಕಿವಿಯ ಹತ್ತಿರ ಹಿಡಿದು ತಿರುಚುವುದು. ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ನೋಡ್ತೀಯಲ್ಲಮ್ಮ ಎಂದು ಮೊಳದಣ್ಣ ಎಷ್ಟೋ ಸಲ ನಕ್ಕಿದ್ದಾರೆ. ಇವತ್ತು ಆ ಅತ್ತೆ ಬಾಗಿಲಲ್ಲೇ ನಿಂತು, ಹುಡುಗಿಯ ಸೀರೆಯ ಬಣ್ಣ ಚೆನ್ನಾಗಿದೆ ಎಂದು ಒಪ್ಪಿಕೊಂಡುಬಿಟ್ಟಂತಾಯಿತು.

ಯಾಕೆ ಬಿಳಿದು ಎಂದು ಕೇಳಿದೆ. ನೋಡೋಕೆ ಚೆನ್ನಾಗಿದೆ ಅಂದಳು. ನಾಳೆ ಯಾಕೆ ಬೇಡ ಎಂದು ಕೇಳಿದೆ. ಸಾಕು ಬಿಡು, ಮುಂದೆ ನೋಡೋಣ ಅಂದಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಈಚೆಗೂ ಬೆಳಕಿಲ್ಲ, ಆಚೆಗೂ ಇಲ್ಲ. ಅಷ್ಟರಲ್ಲಿ ಅವಳಿಗೆ ಫೋನು ಬಂತು. ನೋಡಿದವಳೇ ಅಂಗಡಿಯಿಂದ ಇಳಿದು, ಎದುರಿನ ಮುಚ್ಚಿದ ಬಾಗಿಲಿನ ಹತ್ತಿರ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದಳು.

ನಾನು ಮೊಳದಣ್ಣನ ಕಡೆ ಬಾಗಿ, ಬೂದು ಹಗ್ಗವನ್ನೇ ಕತ್ತರಿಸಿ, ಎರಡು ಮೊಳ ನಾಳೆ ಸೇರಿಸಿ ಅಂದೆ.

ಅವರು ಬೀದಿಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದರು. "ಅಕ್ಕತಂಗಿ ಜಗಳದಲ್ಲಿ ನನ್ನ ಮೊಳ ಸಿಕ್ಕಿಹಾಕ್ಕೊಂಡ್ರೆ ಇರೋ ಉದ್ದಾನೂ ಹೋಗುತ್ತೆ ಕಣಮ್ಮ."

ಜಗಳವೇನಿಲ್ಲ ಅಂದೆ. ನಿಜವಾಗಿಯೂ ಇರಲಿಲ್ಲ. ನಮ್ಮಿಬ್ಬರ ನಡುವೆ ಯಾವತ್ತೂ ಜಗಳವಿರಲಿಲ್ಲ, ಮಾತೇ ಕಡಿಮೆ. ನನಗದು ಹೆಮ್ಮೆಯ ಸಂಗತಿಯಾಗಿತ್ತು. ಬೇರೆಯವರ ಮನೆಗಳಲ್ಲಿ ಜನ ಮಾತಾಡಿ ಮಾತಾಡಿ ಒಬ್ಬರನ್ನೊಬ್ಬರು ಸವೆಸುವುದನ್ನು ನೋಡುವಾಗ, ನಾವು ಮಾತಿಲ್ಲದೆಯೇ ಅರ್ಥಮಾಡಿಕೊಳ್ಳುವವರು ಎಂದು ಒಳಗೊಳಗೇ ಬೀಗುತ್ತಿದ್ದೆ.

ಮೊಳದಣ್ಣ ಉರುಳೆಯಿಂದ ಬೂದು ಹಗ್ಗ ಎಳೆದು, ಗಿಡ್ಡ ಕೈಯಿಂದ ಅಳೆದು, ಕೊನೆಯ ಎರಡು ಮೊಳಕ್ಕೆ ಮಾತ್ರ ಕೈಯನ್ನು ಸ್ವಲ್ಪ ಚಾಚಿದರು. ಬಿಸಿ ಅಲಗು ಇಟ್ಟಾಗ ಹೊಗೆ ಎದ್ದು, ತುದಿ ಕರಗಿ ಗಂಟಾಯಿತು. ಅಕ್ಕ ವಾಪಸು ಬರುವ ಹೊತ್ತಿಗೆ ಸುರುಳಿ ಸುತ್ತಿ ಚೀಲದೊಳಗಿತ್ತು. ಅವಳು ಚೀಲ ತೆರೆದು ನೋಡಲೂ ಇಲ್ಲ.

ಮನೆಗೆ ನಡೆಯುವಾಗ ನಾನು ಆ ಒಂದು ಮಾತಿಗೆ ನೂರು ಅರ್ಥ ಕಟ್ಟಿದೆ. ವರ್ಷವಿಡೀ ಸುತ್ತುವವರು ನಾವು, ಬೇಕಾದರೆ ಇನ್ನೊಂದು ಬಂದರಿನಲ್ಲಿ ಹೊಸ ಹಗ್ಗವೇ ಸಿಗುತ್ತದೆ, ಅದಕ್ಕೇ ಬೇಡ ಅಂದಿರಬೇಕು. ದೋಣಿಯ ಭಾರ ಕಡಿಮೆ ಮಾಡಲು ಇರಬೇಕು. ಎರಡು ಮೊಳ ಹಗ್ಗದ ಭಾರ! ಆದರೂ ನಂಬಿದೆ. ನಂಬುವುದು ಅಂದರೆ ಅರ್ಧ ಪಾಲು ನಾವೇ ದುಡಿಯುವುದು. ಎದುರಿನವರು ಬಿಟ್ಟ ತೂತುಗಳನ್ನೆಲ್ಲ ನಾವೇ ಹೊಲಿಯುತ್ತ ಹೋಗುವುದು.

ನಮ್ಮದು ಕನ್ನಡಕದಂಗಡಿಯ ಮೇಲಿನ ಎರಡು ಕೋಣೆ. ನನ್ನ ಕೋಣೆ ಆಗಲೇ ಖಾಲಿಯಾಗಿತ್ತು. ಮೇಜನ್ನು ಕೆಳಗಿನ ಅಂಗಡಿಯವರಿಗೆ ಕೊಟ್ಟಿದ್ದೆ, ಪುಸ್ತಕಗಳನ್ನು ನಾನು ಕೆಲಸ ಮಾಡುತ್ತಿದ್ದ ಗ್ರಂಥಾಲಯಕ್ಕೇ ಬಿಟ್ಟು ಬಂದಿದ್ದೆ. ಅಲ್ಲಿ ನನ್ನ ಕೆಲಸ ಹರಿದ ಪುಸ್ತಕಗಳನ್ನು ವಿಂಗಡಿಸುವುದು: ಯಾವುದನ್ನು ಹೊಲಿಯಬೇಕು, ಯಾವುದನ್ನು ಕೈಬಿಡಬೇಕು. ಬೀಳ್ಕೊಡುವ ದಿನ ಹಿರಿಯ ಗ್ರಂಥಪಾಲಕರು ನನ್ನ ಬಗ್ಗೆ, ಮಾತಾಡದವರ ಬಗ್ಗೆ ಮಾತಾಡುವುದು ಕಷ್ಟ ಎಂದು ಶುರುಮಾಡಿ ಬಹಳ ಹೊತ್ತು ಮಾತಾಡಿದರು. ಅಕ್ಕ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕೊನೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವಳು ಅವಳು.

ಅವಳ ಕೋಣೆಯಲ್ಲಿ ಮಾತ್ರ ಎಲ್ಲವೂ ಇದ್ದ ಹಾಗೇ ಇತ್ತು. ಗೋಡೆಯ ಗಡಿಯಾರಕ್ಕೆ ಹೊಸ ಬ್ಯಾಟರಿ ಹಾಕಿದ್ದಳು. ನಾನು ನೋಡಿದೆ. ನೋಡಿಯೂ, ಅಕ್ಕ ಯಾವಾಗಲೂ ಕೊನೆಯ ಗಳಿಗೆಯವಳು ಅಂದುಕೊಂಡೆ.

ಹಗ್ಗ ಬದಲಿಸಬೇಕಾಗಿ ಬಂದದ್ದು ಹಿಂದಿನ ಸಲದ ಕೊನೆಯ ಓಡಾಟದಿಂದ. ಕೊಲ್ಲಿಯ ಬಾಯಿ ದಾಟುವಾಗ ದಿಢೀರನೆ ಬಿರುಗಾಳಿ ಎದ್ದು, ಹಾಯಿ ಇಳಿಸಲು ಹೋದರೆ ಇಳಿಯಲಿಲ್ಲ. ಹಗ್ಗದ ಹೊರಹೆಣಿಗೆ ರಾಟೆಯ ಹತ್ತಿರ ಹರಿದು, ತೋಳು ಮಡಿಸಿದ ಅಂಗಿಯ ಹಾಗೆ ಮುದ್ದೆಯಾಗಿ ಸಿಕ್ಕಿಕೊಂಡಿತ್ತು. ನಾನು ಚುಕ್ಕಾಣಿಯಲ್ಲಿದ್ದೆ. ಅಕ್ಕ ಕಂಬದ ಬುಡದಲ್ಲಿ ಹಾಯಿಯನ್ನು ತಬ್ಬಿ ಜೋತಾಡುತ್ತಿದ್ದಳು. ದೋಣಿ ಮಗುಚುವಷ್ಟು ವಾಲಿತ್ತು. ನನಗೆ ಯಾಕೋ ನಗು ಬಂತು, ತಡೆಯಲಾರದ ನಗು. ಕೊನೆಗೆ ಹಗ್ಗ ಕಿತ್ತು ಹಾಯಿ ಅಕ್ಕನ ತಲೆಯ ಮೇಲೇ ಬಿತ್ತು. ಆಮೇಲೆ ಆ ಕತೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮಾತಾಡದ ನಾನು ಚೆನ್ನಾಗಿ ಹೇಳಬಲ್ಲ ಕತೆ ಅದೊಂದೇ. ಹಾಯಿಯೊಳಗಿಂದ ಅಕ್ಕ ಹಾಸಿಗೆ ಬಿಟ್ಟೇಳುವ ಬೆಕ್ಕಿನ ಹಾಗೆ ಹೊರಗೆ ಬಂದಳು ಅನ್ನುವಲ್ಲಿ ಎಲ್ಲರೂ ನಗುತ್ತಿದ್ದರು. ಅಕ್ಕ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದಳು. ಆ ದಿನ ಅವಳ ದವಡೆಹಲ್ಲೊಂದು ಸೀಳಿತ್ತು. ಹಲ್ಲಿನ ಡಾಕ್ಟರ ಹತ್ತಿರ ಬಹಳ ಸಲ ಹೋಗಿಬಂದಳು. ಒಂದು ಹಲ್ಲಿಗೆ ಇಷ್ಟೊಂದು ಓಡಾಟವೇ ಎಂದು ನಾನು ರೇಗಿಸಿದ್ದೆ.

ಹಗ್ಗ ಕೊಂಡ ಮರುದಿನ ಬೆಳಿಗ್ಗೆ ನಾವು ದಕ್ಕೆಗೆ ಹೋದೆವು. ಕಟ್ಟಿದ ದೋಣಿಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ಆಕಳಿಸುತ್ತಿದ್ದವು. ಕಿತ್ತ ಹಗ್ಗವನ್ನು ಆವತ್ತೇ ಗಂಟು ಹಾಕಿ ಕಂಬದಲ್ಲೇ ಉಳಿಸಿದ್ದೆವು, ಯಾಕೆಂದರೆ ಹಳೆಯ ಹಗ್ಗವೇ ಹೊಸದಕ್ಕೆ ದಾರಿ. ಹಳೆಯದರ ತುದಿಗೆ ಹೊಸದರ ತುದಿ ಹೊಲಿದು, ಮೇಲೆ ಟೇಪು ಸುತ್ತಿ, ಹಳೆಯದನ್ನು ಎಳೆದರೆ ಹೊಸದು ಅದರ ಬೆನ್ನುಹಿಡಿದು ಕಂಬದೊಳಗೆ ಏರಿ ರಾಟೆ ದಾಟುತ್ತದೆ. ಹೊಲಿಗೆ ನಡುವೆ ಬಿಚ್ಚಿಕೊಂಡರೆ ಎರಡೂ ತುದಿ ಎರಡು ಕಡೆ ಬಿದ್ದು ಕಂಬ ಬರಿದಾಗುತ್ತದೆ. ಆಮೇಲೆ ಆ ಪೊಳ್ಳಿನೊಳಗೆ ದಾರ ಇಳಿಬಿಟ್ಟು ಮೀನು ಹಿಡಿದ ಹಾಗೆ ಕಾಯಬೇಕು. ಅದಕ್ಕೇ ಹೊಲಿಗೆ ರಾಟೆ ದಾಟುವಾಗ ಒಬ್ಬರು ಮೇಲಿರಬೇಕು. ಹಗುರ ಇರುವುದರಿಂದ ಮೇಲೆ ಹೋಗುವವಳು ನಾನು. ಅಕ್ಕ ನನ್ನನ್ನು ಗುಬ್ಬಿ ಅನ್ನುವುದು ಅದಕ್ಕೇ.

ಹೊಲಿಗೆ ಹಾಕಿದ್ದು ನಾನೇ. ಸುರುಳಿಯನ್ನು ಚೀಲದಿಂದ ತೆಗೆಯದೆ, ಒಂದು ತುದಿ ಮಾತ್ರ ಹೊರಗೆಳೆದು ಹೊಲಿದೆ. ಬಣ್ಣ ನೋಡಿದ ಅಕ್ಕ ಒಂದು ಗಳಿಗೆ ತಡೆದಳು. ಬೂದು ಬಣ್ಣದ್ದು ತಂದ್ಯಾ ಅಂದಳು. ಹೂಂ ಅಂದೆ. ನಿನ್ನಿಷ್ಟ ಅಂದಳು. ಎಷ್ಟು ಮೆತ್ತಗೆ ಅಂದಳೆಂದರೆ, ಅವಳೇ ಸೋತು ನನಗೆ ಗೆಲುವು ಕೊಟ್ಟಳೆಂದು ನನಗೆ ಸಂತೋಷವಾಯಿತು.

ಮುಂದಿನ ಹಾಯಿಯ ಹಗ್ಗಕ್ಕೆ ನನ್ನ ಕೂರುಪಟ್ಟಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಕಬ್ಬಿಣದ ಉರುಳೆಗೆ ಸುತ್ತಿ, ಅಕ್ಕ ಹಿಡಿ ತಿರುಗಿಸುತ್ತ ನನ್ನನ್ನು ಮೇಲೇರಿಸಿದಳು. ತುದಿ ತಲುಪಿದ ಮೇಲೆ ಹಗ್ಗವನ್ನು ಗೂಟಕ್ಕೆ ಬಿಗಿದಳು. ಬಿಗಿದಮೇಲೂ ಕೈ ಬಿಡುವಂತಿಲ್ಲ, ಅದು ಚಿಕ್ಕಪ್ಪನ ಕಟ್ಟಪ್ಪಣೆ. ಗೂಟವನ್ನು ನಂಬು, ಆದರೆ ಮೇಲಿರುವವಳು ಗೂಟದ ತಂಗಿಯಲ್ಲ, ನಿನ್ನ ತಂಗಿ ಎಂದು ಅಕ್ಕನಿಗೆ ಅವರು ಹೇಳುತ್ತಿದ್ದರು. ಹಾಗಾಗಿ ಒಂದು ಕೈಯಲ್ಲಿ ನನ್ನ ಹಗ್ಗ, ಇನ್ನೊಂದರಲ್ಲಿ ಚೀಲದಿಂದ ಹೊಸ ಹಗ್ಗ ಬಿಡುತ್ತ ಅಕ್ಕ ಕೆಳಗೆ ನಿಂತಿದ್ದಳು. ಹಳೆಯದನ್ನು ನಾನು ಮೇಲಿಂದ ಎಳೆಯುತ್ತಿದ್ದೆ.

ರಾಟೆಯ ಕೆನ್ನೆಯಲ್ಲೊಂದು ಚೂಪು ಇತ್ತು. ಹೆಣಿಗೆ ಹರಿದದ್ದು ಅದರಿಂದಲೇ. ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದಾಗ ದಕ್ಕೆಯ ಮೇಲೆ ಇಬ್ಬರು ಬರುವುದು ಕಂಡಿತು. ಮೇಲಿಂದ ಜನ ಬರೀ ನೆತ್ತಿ ಮತ್ತು ಪಾದ. ಗಂಡಸಿನ ನೆತ್ತಿ ಬೋಳು. ಅವರು ನಮ್ಮ ದೋಣಿಯ ಪಕ್ಕದಲ್ಲಿ ಹಿಂದಿನಿಂದ ಮುಂದಕ್ಕೆ ದೊಡ್ಡ ಹೆಜ್ಜೆ ಹಾಕಿದರು, ಅಳೆಯುವವರ ಹೆಜ್ಜೆ. ಜೊತೆಗಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಕಂಬವನ್ನು ಬುಡದಿಂದ ತುದಿಯವರೆಗೆ ನೋಡುತ್ತ ಬಂದು, ಕೊನೆಗೆ ನನ್ನನ್ನು ಕಂಡು ಕೈ ಬೀಸಿದರು. ನಾನೂ ಬೀಸಿದೆ.

ಗಂಡಸು ಅಂಚಿನ ಕಂಬಿಯನ್ನು ಹಿಡಿದು ಎರಡು ಸಲ ಅಲುಗಿಸಿದರು. ಸಡಿಲವಾಗಿದೆಯೇ ಎಂದು ನೋಡುವ ಆ ರೀತಿಯಿಂದಲೇ ಅವರು ಯಾರೆಂದು ನನಗೆ ಗೊತ್ತಾಗಬೇಕಿತ್ತು. ಅಕ್ಕನ ಹಲ್ಲಿನ ಡಾಕ್ಟರು. ಅಕ್ಕನಿಗೆ ಕೈ ಕೊಡಲು ಮುಂದೆ ಚಾಚಿದರು. ಅಕ್ಕನ ಎರಡು ಕೈಯಲ್ಲೂ ಹಗ್ಗ. ಅವರ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸು ಹೋಗಿ ಜೇಬು ಸೇರಿತು.

ದಕ್ಕೆಯಲ್ಲಿ ಗಾಳಿಯಿಲ್ಲದ ಬೆಳಿಗ್ಗೆ ಮಾತು ನೇರ ಮೇಲೇಳುತ್ತದೆ. ಅವರು, ಹೊಸ ಹಗ್ಗ ಯಾಕೆ ಹಾಕಿಸಿದಿರಿ, ಹೇಗಿದೆಯೋ ಹಾಗೇ ತಗೊಳ್ಳುತ್ತೇವೆ ಅಂದಿದ್ದೆವಲ್ಲ ಎಂದು ಕೇಳಿದರು. ಅಕ್ಕ ಏನೋ ಅಂದಳು, ಕೇಳಿಸಲಿಲ್ಲ. ಮುಂದಿನ ವಾರ ದೋಣಿಯನ್ನು ತಮ್ಮ ಕಡೆಯ ದಕ್ಕೆಗೆ ಒಯ್ಯಲು ಒಬ್ಬರನ್ನು ಗೊತ್ತುಮಾಡಿದ್ದೇವೆ ಎಂದರು. ಆಗ ಹೆಂಡತಿ ನನ್ನ ಕಡೆ ನೋಡಿ, ತುಂಬ ಒಳ್ಳೆಯ ದನಿಯಲ್ಲಿ ಅಕ್ಕನನ್ನು ಕೇಳಿದರು:

"ಮೇಲಿರೋದು ತಂಗಿ ಅಲ್ವಾ? ಅವರಿಗೂ ಒಪ್ಪಿಗೆ ಅಂತ ನೀವು ಹೇಳಿದ್ಮೇಲೇ ನಮಗೆ ಸಮಾಧಾನ ಆಗಿದ್ದು."

ಮೂರು ಮುಖಗಳೂ ಮೇಲಕ್ಕೆ ತಿರುಗಿದವು.

"ಯಾವುದಕ್ಕೆ?" ಅಂದೆ.

ಡಾಕ್ಟರು ಹೆಂಡತಿಯ ಕಡೆ ನೋಡಿದರು, ಹೆಂಡತಿ ನೀರಿನ ಕಡೆ. ಅಕ್ಕ ನನ್ನ ಕಡೆಯೇ ನೋಡುತ್ತಿದ್ದಳು. ಅವಳ ಮುಖ ಅಷ್ಟು ಮೇಲಿಂದ ಒಂದು ಬಟಾಣಿಯಷ್ಟು. ಆದರೂ ಅದರಲ್ಲಿ ಎಲ್ಲ ಕಂಡಿತು: ಮುಟ್ಟದ ಹಗ್ಗ, ಬೀದಿಗಿಳಿದ ಫೋನು, ಹೊಸ ಬ್ಯಾಟರಿಯ ಗಡಿಯಾರ. ಬಿಳಿಯ ಹಗ್ಗ ನೋಡಲಿಕ್ಕೆ ಚೆನ್ನಾಗಿತ್ತು. ಮಾರುವ ದೋಣಿಗೆ ನೋಡಲಿಕ್ಕೆ ಚೆನ್ನಾಗಿದ್ದರೆ ಸಾಕು. ಮಾರುವ ದೋಣಿಗೆ ನಾಳೆ ಬೇಡ.

"ಮೊದ್ಲು ಹೊಲಿಗೆ ದಾಟಿಸು ಗುಬ್ಬಿ," ಅಕ್ಕ ಅಂದಳು. "ಆಮೇಲೆ ಹೇಳ್ತೀನಿ."

ಹೊಲಿಗೆ ಆಗಲೇ ನನ್ನ ಅಂಗೈಯ ಹತ್ತಿರ ಬಂದಿತ್ತು, ಕರಿಯ ಟೇಪು ಸುತ್ತಿಕೊಂಡು, ಬೆರಳಷ್ಟು ಉದ್ದ. ನನ್ನ ಸೊಂಟದಲ್ಲಿ ಚಾಕು ಇತ್ತು. ಒಂದು ಸಲ ಎಳೆದರೆ ಸಾಕು, ಕಂಬ ಬರಿದು. ಡಾಕ್ಟರು ಎಷ್ಟು ಬಾಯಿಯೊಳಗೆ ಇಣುಕಿದ್ದರೂ ಈ ಪೊಳ್ಳಿನೊಳಗೆ ಇಣುಕಲಾರರು. ಚಾಕುವಿನ ಹಿಡಿಯ ಮೇಲೆ ಕೈ ಹೋದದ್ದು ನಿಜ. ಕೆಳಗೆ ನೋಡಿದೆ. ಅಕ್ಕನಿಗೆ ಅದು ಕಂಡಿತು; ನನ್ನ ಕೈ ಎಲ್ಲಿ ಹೋಗುತ್ತದೆಂದು ಅವಳಿಗೆ ಯಾವಾಗಲೂ ಗೊತ್ತು. ನನ್ನ ಹಗ್ಗವನ್ನು ಹಿಡಿದಿದ್ದ ಕೈಗೆ ಅದನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

ಅವಳು ನನ್ನನ್ನು ಬೀಳಿಸುವವಳಲ್ಲ. ಭೂಮಿ ಬಿರಿದರೂ ಆ ಹಗ್ಗ ಬಿಡುತ್ತಿರಲಿಲ್ಲ. ಕೈ ಬಿಟ್ಟದ್ದು ಮಾತ್ರ ಯಾವಾಗಲೋ, ನನಗೇ ಗೊತ್ತಾಗದಷ್ಟು ನಾಜೂಕಾಗಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

ಹೊಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದು, ರಾಟೆಯ ಮೇಲೆ ಹತ್ತಿಸಿ, ಆಚೆ ಇಳಿಸಿದೆ. ಅದಕ್ಕೆ ಕಾರಣ ದೊಡ್ಡತನವಲ್ಲ. ಅಷ್ಟು ಚೆನ್ನಾಗಿ ಹಾಕಿದ ಹೊಲಿಗೆಯನ್ನು ನನ್ನ ಕೈಯಿಂದಲೇ ಕೊಯ್ಯಲು ಆಗಲಿಲ್ಲ. ಬೂದು ಹಗ್ಗ ನುಣುಪಾಗಿ ಓಡಿ ಬಂತು.

ಅಕ್ಕ ನನ್ನನ್ನು ನಿಧಾನವಾಗಿ ಇಳಿಸಿದಳು. ಯಾವತ್ತಿಗಿಂತಲೂ ನಿಧಾನವಾಗಿ. ಇಳಿಯುತ್ತ ಇಳಿಯುತ್ತ ಅವಳ ಮುಖ ದೊಡ್ಡದಾಗುತ್ತ ಬಂತು, ಕೊನೆಗೆ ನನ್ನ ಅಕ್ಕನ ಮುಖದಷ್ಟೇ ಆಯಿತು. ಡಾಕ್ಟರ ಹೆಂಡತಿ ತಿಳಿವಳಿಕೆಯವರು. ಒಳಗೆ ಒಲೆ ನೋಡೋಣ ಬನ್ನಿ ಎಂದು ಗಂಡನನ್ನು ಕ್ಯಾಬಿನ್ನಿಗೆ ಇಳಿಸಿಕೊಂಡು ಹೋದರು. ಒಳಗೆ ಅವರು ಒಂದೊಂದೇ ಬಾಗಿಲು ತೆರೆದು ಮುಚ್ಚುವ ಸದ್ದು. ಎಡಗಡೆಯ ಹಾಸು ಅಕ್ಕನದು, ಬಲಗಡೆಯದು ನನ್ನದು. ನನ್ನ ಹೊದಿಕೆ, ಮೂರು ಪುಸ್ತಕ, ಒಂದು ಟಾರ್ಚು ಆಗಲೇ ಅಲ್ಲಿ ಕೂತಿದ್ದವು.

ಅಕ್ಕ ಹೇಳಿದ್ದನ್ನು ಇಲ್ಲಿ ಹೇಳಲು ಹೆಚ್ಚು ಹೊತ್ತು ಬೇಡ, ಅವಳೂ ಹೆಚ್ಚು ಹೇಳಲಿಲ್ಲ. ಬಿರುಗಾಳಿಯ ಆ ದಿನದಿಂದ ಅವಳಿಗೆ ದೋಣಿಯಲ್ಲಿ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಮನೆಯಲ್ಲೂ ಬರಲಿಲ್ಲ. ಹಾಯಿ ಮೈಮೇಲೆ ಬಿದ್ದಾಗ ಉಸಿರು ಕಟ್ಟಿ, ಇಲ್ಲೇ ಮುಗಿಯಿತು ಅಂದುಕೊಂಡಿದ್ದಳು. ಹೊರಗೆ ನಾನು ನಗುವುದು ಕೇಳಿಸುತ್ತಿತ್ತು. ಹಲ್ಲು ಸೀಳಿದ್ದು ಆವತ್ತು ಅಷ್ಟೇ ಅಲ್ಲ. ಆಮೇಲೆ ದಿನಾ ನಿದ್ದೆಯಲ್ಲಿ ಕಚ್ಚಿ ಕಚ್ಚಿ ಇನ್ನೆರಡು ಹೋಗಿದ್ದವು. ದೋಣಿಯ ಕಾಗದ ಅವಳ ಹೆಸರಿನಲ್ಲಿತ್ತು. ಚಿಕ್ಕಪ್ಪ ಅದನ್ನು ಬರೆಸಲು ಕಚೇರಿಗೆ ಹೋದ ದಿನ ಜೊತೆಗೆ ಹೋಗಿದ್ದವಳು ಅವಳು, ಅಷ್ಟೇ ಕಾರಣ. ಮನೆಯೊಳಗಿನ ಮಾತು ಯಾರ ಹೆಸರಿದ್ದರೇನು ಎಂದು ಆವತ್ತು ಇಬ್ಬರೂ ಅಂದುಕೊಂಡಿದ್ದೆವು.

"ನನಗೆ ಹೇಳ್ಬಹುದಿತ್ತು," ಅಂದೆ.

"ನೀನು ಅದನ್ನ ನಗ್ತಾ ಹೇಳ್ತಿದ್ದೆ. ಎಲ್ಲರ ಮುಂದೆ."

"ನೀನು ಅವರಿಗೆ ಹೇಳ್ದೆ."

ಅಕ್ಕ ಕ್ಯಾಬಿನ್ನಿನ ಬಾಗಿಲ ಕಡೆ ನೋಡಿದಳು. "ಅವರು ಬಾಯಿ ತೆಗಿ ಅಂದ್ರು. ತೆಗೆದೆ. ಹಲ್ಲು ಹೇಗೆ ಹೀಗಾಯ್ತು ಅಂತ ಕೇಳಿದ್ರು. ಯಾರೂ ಕೇಳಿರ್ಲಿಲ್ಲ."

ಹೆದರಿಕೆ ಯಾರ ಅಪ್ಪನ ಸೊತ್ತೂ ಅಲ್ಲ. ನನಗೆ ಹೆದರಿಕೆ, ನಾನು ಬರುವುದಿಲ್ಲ ಎಂದು ಅವಳು ಅಂದಿದ್ದರೆ ನಾನು ಒಂದು ದಿನ ಅತ್ತು, ಒಂದು ವಾರ ಮುನಿಸಿಕೊಂಡು, ಆಮೇಲೆ ನಾವಿಬ್ಬರೂ ಮನೆಯಲ್ಲೇ ಇರುತ್ತಿದ್ದೆವು. ನಮ್ಮ ಮೌನದೊಳಗೆ ಇಬ್ಬರೂ ಒಟ್ಟಿಗೆ ಕೂತಿದ್ದೇವೆ ಎಂದುಕೊಂಡಿದ್ದೆ. ಅವಳು ಎದ್ದು ಹೋಗಿ, ಬೇರೆ ಕಡೆ ಮಾತಾಡಿ, ವ್ಯವಹಾರ ಮುಗಿಸಿ, ಸದ್ದಿಲ್ಲದೆ ವಾಪಸು ಬಂದು ಪಕ್ಕದಲ್ಲಿ ಕೂತಿದ್ದಳು. ಮೌನ ಹಾಗೇ ಇತ್ತು. ಅದರೊಳಗಿದ್ದವಳು ಮಾತ್ರ ನಾನೊಬ್ಬಳೇ.

ನನಗೆ ಕೇಳಬೇಕಾದ್ದು ಒಂದೇ ಉಳಿದಿತ್ತು.

"ಗ್ರಂಥಾಲಯಕ್ಕೆ ಯಾಕೆ ಬಂದೆ? ಆವತ್ತು."

ಅಕ್ಕನಿಗೆ ಅರ್ಥವಾಯಿತು. ಆ ಹೊತ್ತಿಗೆ ಡಾಕ್ಟರಿಗೆ ಮಾತು ಕೊಟ್ಟಾಗಿತ್ತೇ ಎಂದು ನಾನು ಕೇಳಲಿಲ್ಲ, ಕೊಟ್ಟಾಗಿರಲಿಲ್ಲ ಎಂದು ಅವಳು ಹೇಳಲೂ ಇಲ್ಲ.

"ಮುಗಿದ ತಕ್ಷಣ ಹೇಳೋಣ ಅಂತಲೇ ಬಂದಿದ್ದೆ," ಅಂದಳು. "ನೀನು ಅಷ್ಟು ಖುಷಿಯಾಗಿದ್ದೆ. ಎಲ್ಲರೂ ತಟ್ಟಿದ್ರು, ನಾನೂ ತಟ್ಟಿದೆ."

"ಎಲ್ಲರೂ ನಿಲ್ಲಿಸಿದ್ಮೇಲೂ ತಟ್ತಿದ್ದೆ."

ಅವಳು ತಲೆ ತಗ್ಗಿಸಿದಳು.

ಡಾಕ್ಟರು ಕ್ಯಾಬಿನ್ನಿನಿಂದ ತಲೆ ಹೊರಹಾಕಿ, ಕೆಮ್ಮಿ, ಮೇಲೆ ಬಂದರು. ಏನಾದರೂ ಮಾಡುತ್ತಿರಬೇಕೆಂದು ಕಂಬದ ಬುಡದಲ್ಲಿದ್ದ ಹೊಸ ಹಗ್ಗವನ್ನು ಎತ್ತಿಕೊಂಡು ಅದರ ಉದ್ದ ನೋಡಿದರು. ಹಾಯಿಯ ಕಡೆಯ ತುದಿಗೆ ಕುಣಿಕೆ ಹಾಕಿ ಕೊಂಡಿಗೆ ಸಿಕ್ಕಿಸಿಯಾಗಿತ್ತು. ಹಾಗಿದ್ದೂ ಇನ್ನೊಂದು ತುದಿ ಗೂಟ ದಾಟಿ, ಅವರ ಪಾದದ ಮೇಲೆ ಎರಡು ಮೊಳ ಬಿದ್ದಿತ್ತು. ಇಷ್ಟು ಯಾಕೆ ಉಳಿಯಿತು, ಕಾಲಿಗೆ ತೊಡರುತ್ತದೆ, ಕತ್ತರಿಸಿಬಿಡೋಣವೇ ಎಂದರು.

ಅಕ್ಕ ಆಗ ಅದನ್ನು ನೋಡಿದಳು. ತಾನು ಬೇಡವೆಂದ ನಾಳೆ ದೋಣಿಯ ಮೇಲೆ ಬಿದ್ದಿರುವುದನ್ನು. ನನ್ನ ಕಡೆ ತಿರುಗಿದಳು.

ಕತ್ತರಿಸಬೇಡಿ ಎಂದು ನಾನು ಡಾಕ್ಟರಿಗೆ ಹೇಳಿದೆ. ಅವರನ್ನು ಕಂಬದ ಹತ್ತಿರ ಕರೆದು, ಮೇಲಿನ ರಾಟೆ ತೋರಿಸಿದೆ. ಹಗ್ಗ ಎಲ್ಲಿ ಸವೆಯುತ್ತದೆ, ವರ್ಷಕ್ಕೊಮ್ಮೆ ಯಾವ ತುದಿಯಲ್ಲಿ ಒಂದು ಗೇಣು ಕತ್ತರಿಸಬೇಕು, ಕುಣಿಕೆ ಹೇಗೆ ಹೆಣೆಯಬೇಕು, ಎಲ್ಲ ಹೇಳಿದೆ. ರಾಟೆಯ ಕೆನ್ನೆಯ ಚೂಪನ್ನು ಅರ ಹಾಕಿ ತೆಗೆದಿದ್ದೇನೆ, ಆದರೂ ಆಗಾಗ ನೋಡುತ್ತಿರಿ ಅಂದೆ. ಅವರ ಹೆಂಡತಿ ಗಮನವಿಟ್ಟು ಕೇಳಿ, ತಾವೇ ಕುಣಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದಕ್ಕೇನಾದ್ರೂ ಹೆಸರಿದೆಯಾ? ಈ ಉಳಿಸೋದಕ್ಕೆ?" ಎಂದು ಕೇಳಿದರು.

ಅಕ್ಕ ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು.

ಹೆಸರೇನಿಲ್ಲ, ಹೆಚ್ಚುವರಿ ಅಷ್ಟೇ ಅಂದೆ.

ಕ್ಯಾಬಿನ್ನಿಗಿಳಿದು ನನ್ನ ಹೊದಿಕೆಯಲ್ಲೇ ಪುಸ್ತಕಗಳನ್ನು ಸುತ್ತಿಕೊಂಡೆ. ಟಾರ್ಚನ್ನು ಅಲ್ಲೇ ಬಿಟ್ಟೆ, ಅವರಿಗೆ ಬೇಕಾಗುತ್ತದೆ. ಹೊರಗೆ ಬಂದಾಗ ಡಾಕ್ಟರು ಹೆಂಡತಿಯ ಜೊತೆ ದೋಣಿಯ ಮುಂಭಾಗಕ್ಕೆ ಹೋಗಿದ್ದರು. ನಾನು ಅಂಚು ದಾಟಿ ದಕ್ಕೆಗೆ ಕಾಲಿಟ್ಟೆ. ಮನೆಗೆ ಹೋದರೂ ಅಲ್ಲಿ ನನ್ನ ಕೋಣೆಯಲ್ಲಿ ಕೂರಲು ಒಂದು ಕುರ್ಚಿಯೂ ಇಲ್ಲ ಎಂಬುದು ಆಗ ಹೊಳೆಯಿತು.

"ಗುಬ್ಬಿ," ಹಿಂದಿನಿಂದ ಅಕ್ಕನ ದನಿ. "ಎಲ್ಲಾ ಹೇಳ್ತೀನಿ ಕಣೇ. ಇವತ್ತು ಆಗಲ್ಲ. ನಾಳೆ ಮಾತಾಡೋಣ."

ನಾನು ತಿರುಗಿ ನಿಂತೆ.

"ಈ ಸಲ ನಾಳೆ ಬೇಡ ಅಕ್ಕ," ಅಂದೆ.

ಅವಳು ಕಂಬದ ಬುಡದಲ್ಲೇ ನಿಂತಿದ್ದಳು. ನಾನು ಇಳಿದು ಬಂದ ಹಗ್ಗದ ತುದಿ ಇನ್ನೂ ಅವಳ ಕೈಗೆ ಸುತ್ತಿಕೊಂಡೇ ಇತ್ತು. ಬೆರಳುಗಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿದ್ದಳು, ಮೇಲೆ ಇನ್ನೂ ಯಾರೋ ಇದ್ದಾರೆ ಅನ್ನುವ ಹಾಗೆ.